ಗಾಳಿಗೆ ಮುಂದೆ ನಾನೇ

ಜುಲೈ 5, ಶನಿವಾರ. ಊಟದ ನಂತರ

ಮಂಡ್ಯ ನಗರದ ನಿವಾಸಿ, ಪಿಯು ಕಾಲೇಜಿನ ಕಾಮರ್ಸ್ ಉಪನ್ಯಾಸಕ, ಸುಧೀಂದ್ರ ಎಂಬ ಹೆಸರಿನ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತನಾಗಿ ಒಪ್ಪಿಕೊಳ್ಳುವುದೇನೆಂದರೆ — ಇಂದು ಸಂಜೆ ಕನಕರಾಜು ಬರುವ ಮುಂಚೆಯೇ ಟೂರ್ ಡಿ ಫ್ರಾನ್ಸ್ ಮೊದಲ ಸ್ಟೇಜಿನ ಕೊನೆಯ ಐದು ಕಿಲೋಮೀಟರ್ ಕದ್ದು ನೋಡಿದೆ. ನೋಡಿ, ಹಿಂದಕ್ಕೆ ಎಳೆದು, ಪಾಜ್ ಮಾಡಿ, ಏನೂ ಅರಿಯದ ಮಗುವಿನ ಹಾಗೆ ಕುಳಿತೆ.

ಅಪರಾಧ ಸಣ್ಣದಲ್ಲ. ಆರು ವರ್ಷದ ಕರಾರು ಇದೆ. ರಾಜು ಮಂಡ್ಯ–ಮಳವಳ್ಳಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಮುಗಿಸಿ, ಡಿಪೋದಲ್ಲಿ ಕಲೆಕ್ಷನ್ ಕಟ್ಟಿ, ನಮ್ಮ ಮನೆಗೆ ಬರುತ್ತಾನೆ. ಅಲ್ಲಿಯವರೆಗೆ ಫ್ರಾನ್ಸಿನ ಸೈಕಲ್ಲುಗಳು ನಮ್ಮ ಲ್ಯಾಪ್‌ಟಾಪಿನಲ್ಲಿ ನಿಂತೇ ಇರಬೇಕು. ಕೊನೆಯ ಮೂವತ್ತು ಕಿಲೋಮೀಟರ್ ಇಬ್ಬರೂ ಒಟ್ಟಿಗೆ ನೋಡಬೇಕು. ಆಮೇಲೆ ಅವನು ಕೆರಗೋಡಿನ ಬಸ್ ಹಿಡಿಯಬೇಕು. ನೋಡುವ ಮೊದಲೇ ಯಾರಾದರೂ ಫಲಿತಾಂಶ ಹೇಳಿಬಿಟ್ಟರೆ ಎಂಬ ಭಯವಿಲ್ಲ. ಇಡೀ ಮಂಡ್ಯದಲ್ಲಿ ಈ ರೇಸಿನ ಗೋಜಿಗೆ ಹೋಗುವವರು ನಾವಿಬ್ಬರೇ. ಒಬ್ಬರಿಗೊಬ್ಬರೇ ಅಪಾಯ.

ಇಂದು ಗೆಲ್ಲುವವನು ಪೆಡಲ್ ಮೇಲೆ ಎದ್ದು ನುಗ್ಗಿದಾಗ "ಅರೆ" ಎಂದೆ. ಸ್ವಲ್ಪ ಮುಂಚೆಯೇ ಎಂದುಬಿಟ್ಟೆ.

"ಏನ್ ಮೇಷ್ಟ್ರೇ, ಅವ್ನು ಇನ್ನೂ ಎದ್ದೇ ಇಲ್ಲ, ನೀವ್ ಆಗ್ಲೇ ಅರೆ ಅಂತೀರಿ?"

"ಅನುಭವ ಕಣಯ್ಯ."

"ಅನ್ಬವಾನೂ ಇಲ್ಲ, ಆಲೂಗಡ್ಡೆನೂ ಇಲ್ಲ. ನೋಡ್ಬುಟ್ಟಿದ್ದೀರಿ."

ಶಿಕ್ಷೆ: ನಾಳೆ ಅವನ ಜೊತೆ ಕೆರಗೋಡಿಗೆ ಹೋಗಿ ಅವನ ಹೆಂಡತಿಯ ಹತ್ತಿರ ಮಾತಾಡಬೇಕು. ಗಲ್ಲು ಶಿಕ್ಷೆಯೇ ವಾಸಿಯಿತ್ತು.


ಜುಲೈ 6, ಭಾನುವಾರ. ಮಧ್ಯಾಹ್ನ

ಕೆರಗೋಡಿನಿಂದ ಈಗ ಬಂದೆ. ಜಯ.

ಫೆಬ್ರವರಿಯಲ್ಲಿ ರಾಜು ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕೂತ. ಸ್ಟೆಂಟ್ ಹಾಕಿದರು. ಅಂದೇ ನಾಗರತ್ನ — ಅವನ ಹೆಂಡತಿ, ಊರಿನ ಅಂಗನವಾಡಿ ಟೀಚರ್ — ಭಾನುವಾರ ನನ್ನ ಜೊತೆ ತುಳಿಯುತ್ತಿದ್ದ ಅವನ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಅಂಗನವಾಡಿಯ ಸ್ಟೋರಿನಲ್ಲಿ ಬೇಳೆ ಮೂಟೆಯ ಹಿಂದೆ ಇಟ್ಟಳು. ಬೀಗದ ಕೈ ಅವಳ ಸೊಂಟದಲ್ಲಿ. ಈಗ ಡಾಕ್ಟರ್ ಹೇಳಿದ್ದಾರೆ: ನಿಧಾನಕ್ಕೆ ತುಳಿಯಬಹುದು, ಏದುಸಿರು ಬರಬಾರದು.

"ಇವ್ರ ನಿದಾನ ನಂಗೊತ್ತಿಲ್ವಾ? ಮುಂದೆ ಒಂದ್ ಎತ್ತಿನ ಗಾಡಿ ಕಂಡ್ರೂ ಇಂದಾಕ್ಬೇಕು ಇವ್ರಿಗೆ."

ಪಾಠ ಶುರು ಮಾಡಿದೆ. ಸೈಕಲ್ಲಿನಲ್ಲಿ ಕಾಲಿಗಿಂತ ದೊಡ್ಡ ಶತ್ರು ಗಾಳಿ. ಮುಂದೆ ಇರುವವನು ಗಾಳಿ ಸೀಳುತ್ತಾನೆ, ಹಿಂದೆ ಅಂಟಿಕೊಂಡು ಬರುವವನಿಗೆ ಮೂರರಲ್ಲೊಂದು ಪಾಲು ಶ್ರಮ ಉಳಿತಾಯ. ಫ್ರಾನ್ಸಿನ ರೇಸಿನಲ್ಲಿ ಅದಕ್ಕೆಂದೇ ಆಳುಗಳಿದ್ದಾರೆ. ನಾಯಕನಿಗೆ ಗಾಳಿ ತಾಗದ ಹಾಗೆ ದಿನವಿಡೀ ಮುಂದೆ ತುಳಿಯುವುದೇ ಅವರ ಕೆಲಸ. ಅವರಿಗೆ ಡೊಮೆಸ್ಟಿಕ್ ಅಂತ ಹೆಸರು.

"ಗ್ಯಾಸ್ ಸಿಲಿಂಡ್ರಾ?"

"ಅದೇ ಅಂದುಕೊಳ್ಳಮ್ಮ. ಕಾಮರ್ಸ್ ಮೇಷ್ಟ್ರು, ನ್ಯಾಯವಾಗಿ ನಾನು ಕಮರ್ಷಿಯಲ್ ಆಗಬೇಕು. ನಿನ್ನ ಗಂಡನಿಗೋಸ್ಕರ ಡೊಮೆಸ್ಟಿಕ್ ಆಗ್ತೀನಿ."

ನಗಲಿಲ್ಲ. ನನ್ನನ್ನೇ ನೋಡಿದಳು.

"ಅಂಗಾರೆ ಪೂರ್ತಿ ದಾರಿ ನೀವೇ ಮುಂದಿರ್ಬೇಕು ಮೇಷ್ಟ್ರಣ್ಣ. ಒಂದ್ ಫರ್ಲಾಂಗೂ ಇವ್ರು ಮುಂದೆ ಓಗ್ಕೂಡ್ದು. ಮಾತ್ ಕೊಡಿ."

"ಕೊಟ್ಟೆ ಕಣಮ್ಮ. ಗಾಳಿ ನಂದು, ಮರೆ ಅವನದು."

ಬೀಗ ತೆಗೆದಳು. ರಾಜು ಚಕ್ರ ಎತ್ತಿಕೊಂಡು ಮುತ್ತು ಕೊಟ್ಟ. ಅದಕ್ಕೆ ಅವಳು, "ನಂಗ್ ಒಂದಿನಾನೂ ಇಂಗ್ ಮಾಡ್ನಿಲ್ಲ, ನೋಡಿ."

ಆರು ವರ್ಷ ಅವನೇ ಹೆಚ್ಚು ಮುಂದೆ ಇದ್ದದ್ದು. ಬಸ್ಸಿನಷ್ಟು ಅಗಲದ ಬೆನ್ನು. ಇನ್ನು ನನ್ನ ಸರದಿ. ನನ್ನ ಬೆನ್ನು ಪೋಸ್ಟ್‌ಕಾರ್ಡಿನಷ್ಟು. ಇರಲಿ, ಅದಕ್ಕೂ ಒಂದು ಮರೆ ಇರುತ್ತದೆ.


ಜುಲೈ 8, ಮಂಗಳವಾರ

ರಾಜುವಿಗೆ ಸ್ಟೇಜ್ ಅಂದರೆ ಟಿಕೆಟ್ ದರ ಬದಲಾಗುವ ಜಾಗ. "ಇವತ್ತಿನ ಸ್ಟೇಜು ನೂರೆಪ್ಪತ್ ಕಿಲೋಮೀಟ್ರಾ? ಒಂದೇ ಸ್ಟೇಜಾ? ನಮ್ ಪ್ಯಾಸೆಂಜರ್ ಸುಮ್ಕಿರಾಕಿಲ್ಲ, ಒಡೀತಾರೆ." ಇಡೀ ಗುಂಪಿಗೆ ಪೆಲೊಟಾನ್ ಅನ್ನುತ್ತಾರೆ ಎಂದು ಹೇಳಿಕೊಟ್ಟು ಆರು ವರ್ಷವಾಯಿತು. ಅವನು ಇನ್ನೂ ಪಲ್ಟನ್ ಅನ್ನುತ್ತಾನೆ. ನಿಘಂಟು ನೋಡಿದರೆ ಎರಡಕ್ಕೂ ಬೇರು ಒಂದೇ ಇರಬಹುದು. ಅವನಿಗೆ ಹೇಳುವುದಿಲ್ಲ, ಬೀಗುತ್ತಾನೆ.

ಮೊಳಕೈ ಸನ್ನೆ ಈಗ ನಮ್ಮ ಮನೆಯೊಳಕ್ಕೂ ಬಂದಿದೆ. ರೇಸಿನಲ್ಲಿ ಮುಂದಿರುವವನು ಸುಸ್ತಾದರೆ ಬಾಯಿ ಬಿಡುವುದಿಲ್ಲ. ಮೊಳಕೈ ಒಂದು ಸಲ ಹೊರಕ್ಕೆ ಅಲುಗಿಸುತ್ತಾನೆ — ನನ್ನದಾಯಿತು, ನೀನು ಬಾ. ಹಿಂದಿನವನು ಮುಂದೆ ಬಂದೇ ಬರಬೇಕು. ರಾಜು ಇಂದು ಉಪ್ಪಿಟ್ಟಿನ ತಟ್ಟೆ ಖಾಲಿಯಾದಾಗ ನನ್ನ ಹೆಂಡತಿ ಚಿತ್ರಾಳ ಕಡೆ ಮೊಳಕೈ ಅಲುಗಿಸಿದ. ಅವಳು ಸೌಟು ಹಿಡಿದು ಮುಂದೆ ಬಂದಳು.

"ಆಷಾಢದಲ್ಲಿ ಹೊಸದಾಗಿ ಮದುವೆಯಾದವರು ಬೇರೆ ಬೇರೆ ಇರಬೇಕು ಅಂತಾರೆ. ನಿಮ್ಮಿಬ್ಬರಿಗೆ ಅದು ಯಾರೂ ಹೇಳಲಿಲ್ವೇನ್ರೀ?" ಎಂದಳು.


ಜುಲೈ 11, ಶುಕ್ರವಾರ

ಭಾನುವಾರದ ಪ್ಲಾನ್ ಸಿದ್ಧ. ರಾಜುವಿನ ಪರಿಚಯದ ಸಿದ್ದೇಶ ಮದ್ದೂರಿನಲ್ಲಿ ಎಳನೀರು ಇಳಿಸಿ ಖಾಲಿ ಟೆಂಪೋದಲ್ಲಿ ಮಳವಳ್ಳಿ ಕಡೆ ಹೋಗುತ್ತಾನೆ. ಸೈಕಲ್ ಹೇರಿಕೊಂಡು ಮಳವಳ್ಳಿಯವರೆಗೆ ಅದರಲ್ಲಿ. ಅಲ್ಲಿಂದ ಬೆಳಕವಾಡಿಗೆ ತುಳಿದು, ಟೀ ಕುಡಿದು, ವಾಪಸ್ ಮಳವಳ್ಳಿ. ಸಣ್ಣ ಸ್ಟೇಜು. ಡಾಕ್ಟರ್ ಕೂಡ ಬೇಡ ಅನ್ನಲಾರರು.

ಕಾಲೇಜಿನಿಂದ ಬರುವಾಗ ದಾರಿಯ ತೆಂಗಿನ ಮರಗಳೆಲ್ಲ ಒಂದೇ ಕಡೆ ಬಾಚಿಕೊಂಡು ನಿಂತಿದ್ದವು. ಆಷಾಢದ ಗಾಳಿ.


ಜುಲೈ 13, ಭಾನುವಾರ. ಮಧ್ಯಾಹ್ನ 2

ಇತಿಹಾಸ. ಬೆಳಕವಾಡಿಯಿಂದ ಮಳವಳ್ಳಿಗೆ, ಎದುರು ಗಾಳಿಯಲ್ಲಿ, ನನ್ನ ಜೀವನದ ಅತಿ ವೇಗದ ಓಟ. ವೇಗ ಅಳೆಯುವ ಫೋನಿನ ಆ್ಯಪ್ ಮೂರು ಸಲ ಹೊಸ ದಾಖಲೆಯ ಕಿರೀಟ ತೋರಿಸಿತು. ನಲವತ್ತಾರನೇ ವಯಸ್ಸಿನಲ್ಲಿ, ಪೋಸ್ಟ್‌ಕಾರ್ಡ್ ಬೆನ್ನಿನಲ್ಲಿ!

ಹೋಗುವಾಗ ಗಾಳಿ ಬೆನ್ನಿಗೆ, ತೊಂದರೆಯಿಲ್ಲ. ನಾನು ಮುಂದೆ, ರಾಜು ಹಿಂದೆ. ಐದು ತಿಂಗಳ ಮೇಲೆ ಸೈಕಲ್ ಹತ್ತಿದ್ದಾನೆ, ಬಾಯಿ ನಿಂತಿಲ್ಲ. ಭತ್ತದ ಮಡಿ, ಕಬ್ಬು, ಬಸ್ ಸ್ಟಾಪು — ಒಂದೊಂದು ಕಂಡಾಗಲೂ ಹೆಸರು ಕೂಗುತ್ತಾನೆ, ಯಾರೋ ಇಳಿಯುವವರಿದ್ದ ಹಾಗೆ. ಬೆಳಕವಾಡಿಯ ಟೀ ಅಂಗಡಿ ಮುಂದೆ ಒಬ್ಬ ಅಜ್ಜ ನಮ್ಮ ದಿಂಬಿನ ಚಡ್ಡಿ ನೋಡಿ, "ಏನ್ಲಾ ಕಂಡಕ್ಟ್ರೇ, ಸೀಟ್ನೂ ಜತೇಲೆ ಒಲ್ಸ್ಕಂಡ್ ಬಂದಿದೀಯ?" ಎಂದ.

"ಮೂಲವ್ಯಾದಿ ಕಣಪ್ಪೋ, ಇಬ್ರಿಗೂ" ಎಂದು ರಾಜು ನನ್ನನ್ನೂ ಸೇರಿಸಿದ.

ಬರುವಾಗ ಗಾಳಿ ಮುಖಕ್ಕೆ. ನಾನೇ ಮುಂದೆ. ಇಡೀ ದಾರಿ. ಮಾತು ಅಂದರೆ ಮಾತು. ಮೊಳಕೈ ಒಂದು ಸಲವೂ ಅಲುಗಲಿಲ್ಲ. ಮಳವಳ್ಳಿ ಬೋರ್ಡಿನ ಕೆಳಗೆ ರಾಜು ಫೋಟೋ ತೆಗೆದ. ಸ್ಟೇಟಸ್ ಹಾಕಿದೆ: "ಗಾಳಿಗೆ ಮುಂದೆ ನಾನೇ."

ಇಷ್ಟರೊಳಗೆ ನಲವತ್ತು ಲೈಕು. ಪ್ರಿನ್ಸಿಪಾಲರೂ ಹಾಕಿದ್ದಾರೆ, ಬಹುಶಃ ಕೈ ತಾಗಿ.


ಜುಲೈ 14, ಸೋಮವಾರ

ಸ್ಟಾಫ್ ರೂಮಿನಲ್ಲಿ ಮೂರು ಪೀರಿಯಡ್ ನನ್ನದೇ ಕಥೆ. ಫಿಸಿಕ್ಸಿನ ಮಧುಕರ, "ಎದುರು ಗಾಳೀಲಿ ಇಷ್ಟು ವೇಗ ಲೆಕ್ಕಕ್ಕೆ ಬರಲ್ಲ ಸಾರ್" ಎಂದ. "ಲೆಕ್ಕ ನನ್ನ ಡಿಪಾರ್ಟ್‌ಮೆಂಟು" ಎಂದೆ. ನಕ್ಕರು.

ಇಂದು ಬೆಟ್ಟದ ಸ್ಟೇಜು. ರಾಜು ಬಂದ. ಉಪ್ಪಿಟ್ಟು ಬೇಡ ಎಂದ. ಗ್ಯಾಸಂತೆ. "ಡೊಮೆಸ್ಟಿಕ್ಕೋ ಕಮರ್ಷಿಯಲ್ಲೋ?" ಎಂದೆ. ನಕ್ಕ, ಸೋಡಾ ಕುಡಿದ. ಯಾರೋ ಒಬ್ಬ ಆಳು ತನ್ನ ನಾಯಕನನ್ನು ಬೆಟ್ಟದ ಬುಡದವರೆಗೆ ಎಳೆದು, ಪಕ್ಕಕ್ಕೆ ಸರಿದು, ತುಳಿಯುವುದನ್ನೇ ನಿಲ್ಲಿಸಿ ನಿಂತುಬಿಟ್ಟ.

"ಅವ್ನ್ ಇಳ್ದ. ಅವ್ನ ಸ್ಟೇಜ್ ಬಂತು" ಎಂದ ರಾಜು.

ಗೆದ್ದವನಿಗೆ ಹೂ ಕೊಡುವ ಮುಂಚೆಯೇ ಎದ್ದು ಹೊರಟ. ಯಾವತ್ತೂ ಹಾಗೆ ಹೋಗುವವನಲ್ಲ, ಹೂವಿನ ಹುಡುಗಿಯರು ಬರುವತನಕ ಕೂರುವವನು. "ಸುಸ್ತು ಕಣ್ ಮೇಷ್ಟ್ರೇ. ನಿಲ್ಲೋ ಕೆಲ್ಸ ಅಲ್ವಾ." ನಾಗರತ್ನಳಿಗೆ ಹೇಳಬೇಕು ಅಂದುಕೊಂಡೆ. ಹೇಳಿದರೆ ಚಕ್ರ ಮತ್ತೆ ಬೇಳೆ ಮೂಟೆಯ ಹಿಂದೆ ಹೋಗುತ್ತದೆ. ಬರುವ ಭಾನುವಾರ ಕಳೆಯಲಿ.


ಜುಲೈ 15, ಮಂಗಳವಾರ

ಫ್ರಾನ್ಸಿನಲ್ಲಿ ಇಂದು ರಜೆ. ಇಲ್ಲೂ ಬರೆಯುವಂಥದ್ದಿಲ್ಲ. ಕಾಲು ನೋವು.


ಜುಲೈ 16, ಬುಧವಾರ. ಸಂಜೆ 7.50

ಪಾಜ್ ಮಾಡಿ ಕೂತಿದ್ದೇನೆ. ಮೂವತ್ತು ಕಿಲೋಮೀಟರ್ ಬಾಕಿ. ಕದ್ದು ನೋಡಿಲ್ಲ, ದೇವರಾಣೆ.

8.15

ಬಂದಿಲ್ಲ. ಬಸ್ ಲೇಟಿರಬೇಕು. ಫೋನ್ ರಿಂಗಾಗುತ್ತದೆ, ಎತ್ತುತ್ತಿಲ್ಲ. ಕಲೆಕ್ಷನ್ ಎಣಿಸುವಾಗ ಎತ್ತುವುದಿಲ್ಲ ಅವನು.

8.40

ಯಾರೋ ಎತ್ತಿದರು. ರಾಜು ಅಲ್ಲ.


ಜುಲೈ 21, ಸೋಮವಾರ

ಫ್ರಾನ್ಸಿನಲ್ಲಿ ಇಂದು ಮತ್ತೆ ರಜೆ. ಅದಕ್ಕೇ ಪೆನ್ ಹಿಡಿದೆನೋ ಏನೋ.

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ ನಿಂತಾಗ ಇಳಿದನಂತೆ. ನೀರು ಕುಡಿದನಂತೆ. ಕಲ್ಲು ಬೆಂಚಿನ ಮೇಲೆ ಕೂತನಂತೆ. ಡ್ರೈವರ್ ಹಾರ್ನ್ ಮಾಡಿದ. ಮತ್ತೆ ಮಾಡಿದ. ಪ್ಯಾಸೆಂಜರ್‌ಗಳು ಬೈದರು. ಯಾರೋ ಇಳಿದುಹೋಗಿ ಭುಜ ಮುಟ್ಟಿದಾಗ...

ಇಷ್ಟೇ ಗೊತ್ತಿರುವುದು. ಅಷ್ಟಕ್ಕೆ ಎಲ್ಲ ಮುಗಿದಿತ್ತು. ಆಸ್ಪತ್ರೆಗೆ ಒಯ್ದದ್ದು ಬರೆಸಿಕೊಳ್ಳಲಿಕ್ಕೆ.

ಮಣ್ಣು ಹಾಕಿದೆ. ಮೂರನೇ ದಿನ ಹಾಲು ತುಪ್ಪಕ್ಕೂ ಹೋದೆ. ಎಲ್ಲರ ಹಿಂದೆ ನಿಂತು, ಈಗ ಇವನು ಏನಾದರೂ ಅಂದೇ ಅನ್ನುತ್ತಾನೆ ಎಂದು ಕಾಯುತ್ತಿದ್ದೆ. ಮಡಿ ಪಂಚೆಯಲ್ಲಿ ನನ್ನ ಕಾಲು ನೋಡಿ, "ಏನ್ ಮೇಷ್ಟ್ರೇ, ಸ್ಪೋಕು ಆಚೆಗ್ ಬಂದಾವೆ" ಎನ್ನುವವನು ಅವನೊಬ್ಬನೇ.

ಲ್ಯಾಪ್‌ಟಾಪ್ ಇನ್ನೂ ಹಾಗೇ ಇದೆ. ಹದಿನಾರರ ಸಂಜೆ ನಿಂತ ಚಿತ್ರ. ಎಂಟು ಜನ, ಒಂದು ಏರಿನಲ್ಲಿ, ಬಾಯಿ ತೆರೆದುಕೊಂಡು. ಚಿತ್ರಾ ಮುಚ್ಚಲು ಬಂದಳು. ಬೇಡ ಎಂದೆ. ಮುಚ್ಚಲಿಲ್ಲ. ಅವಳೂ ಅತ್ತಳು. ಉಪ್ಪಿಟ್ಟಿಗೆ ರವೆ ಹೆಚ್ಚು ಹುರಿದಿಟ್ಟಿದ್ದಳಂತೆ.


ಜುಲೈ 24, ಗುರುವಾರ

ಕಾಲೇಜು. ಎಲ್ಲರೂ ಮೆತ್ತಗೆ ಮಾತಾಡುತ್ತಾರೆ. ಮಧುಕರ ಬಂದು ಕೈ ಹಿಡಿದುಕೊಂಡ. "ಅವರ ಜೊತೇಲೇ ಅಲ್ವಾ ಸಾರ್, ನೀವು ಆ ರೆಕಾರ್ಡ್ ಮಾಡಿದ್ದು?"

"ಹೌದು."

"ಕೊನೆಯ ರೈಡಾದರೂ ಒಳ್ಳೇದಾಯ್ತಲ್ಲ."

"ಹೌದು" ಎಂದೆ. ಸೀಮೆಸುಣ್ಣ ತೆಗೆದುಕೊಂಡು, ಕ್ಲಾಸಿಲ್ಲದಿದ್ದರೂ, ಕ್ಲಾಸಿಗೆ ಹೋದೆ.

ರೇಸ್ ನಡೆಯುತ್ತಿದೆ. ದೊಡ್ಡ ಬೆಟ್ಟಗಳಂತೆ. ಯಾರು ಮುಂದಿದ್ದಾರೋ ಗೊತ್ತಿಲ್ಲ. ನೋಡಬೇಡ ಎಂದು ಹೇಳುವವನಿಲ್ಲ, ಆದರೂ ನೋಡಲಾಗುತ್ತಿಲ್ಲ. ಮಂಡ್ಯದಲ್ಲಿ ಯಾರೂ ಹೇಳುವವರೂ ಇಲ್ಲ.


ಜುಲೈ 26, ಶನಿವಾರ. ಸಂಜೆ

ಕೆರಗೋಡು. ರಾಜುವಿನ ತಿಥಿ.

ಮನೆ ಮುಂದೆ ಶಾಮಿಯಾನ. ಸೈಕಲ್ ಗೋಡೆಗೆ ಒರಗಿತ್ತು, ಎರಡೂ ಚಕ್ರದ ಜೊತೆ. ಯಾರೋ ಅದರ ಹ್ಯಾಂಡಲ್ಲಿಗೂ ಒಂದು ಹೂವಿನ ಹಾರ ಹಾಕಿದ್ದರು. ಅದರ ಮುಂದೆ ರಾಜುವಿನ ಅಣ್ಣ ಅಂಕಯ್ಯ ನಿಂತಿದ್ದ. ಕುಡಿದಿರಲಿಲ್ಲ. ಕುಡಿದಿದ್ದರೆ ವಾಸಿಯಿತ್ತು.

"ಡಾಕ್ಟ್ರು ಏಳುದ್ರಂತೆ, ಇವ್ಳು ಕೊಟ್ಲಂತೆ. ಚಕ್ರ ಕೊಡ್ದೆ ಇದ್ದಿದ್ರೆ ಇವತ್ತು ನನ್ ತಮ್ಮ ಇಲ್ಲಿ ಕುಂತಿರೋನು. ಗಂಡುನ್ ಆಸೆಗೆ ಎಂಗುಸ್ರು ಕುಣಿದ್ರೆ ಇಂಗೇ ಆಗಾದು."

ನಾಗರತ್ನ ತಲೆ ಎತ್ತಲಿಲ್ಲ. ಎಷ್ಟು ದಿನದಿಂದ ಇದನ್ನು ಕೇಳುತ್ತಿದ್ದಾಳೋ. ಎದ್ದು ಬಂದು ನನ್ನ ಮುಂದೆ ನಿಂತಳು. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ನೀವ್ ಏಳಿ ಮೇಷ್ಟ್ರಣ್ಣ. ಅವತ್ತು ಅವ್ರು ದಣ್ಕಂಡ್ರಾ? ನಾನ್ ಚಕ್ರ ಕೊಟ್ಟಿದ್ಕೆ ಇಂಗಾಯ್ತಾ? ನಿಜ ಏಳಿ. ನೀವ್ ಏಳುದ್ರೆ ನಾನ್ ನಂಬ್ತೀನಿ."

ಶಾಮಿಯಾನ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇಲ್ಲ ಕಣಮ್ಮ. ಅವನು ಹಿಂದೆ ಆರಾಮಾಗಿ ಬಂದ. ಇಡೀ ದಾರಿ ನಾನೇ ಮುಂದಿದ್ದೆ. ಒಂದು ಫರ್ಲಾಂಗೂ ಅವನನ್ನ ಮುಂದೆ ಬಿಡಲಿಲ್ಲ."

ಎಷ್ಟು ಸಲೀಸಾಗಿ ಬಂತು. ಪಾಠ ಮಾಡಿದ ಧ್ವನಿಯಲ್ಲೇ ಬಂತು.

"ಕೇಳುಸ್ಕಂಡ್ರಾ ಬಾವ?" ಎಂದಳು ಅಂಕಯ್ಯನ ಕಡೆ ತಿರುಗಿ. ಆಮೇಲೆ ನನಗೆ: "ಅವ್ರೂ ಇದೇ ಏಳಿದ್ರು. ಮೇಷ್ಟ್ರು ಮುಂದೆ ಗಾಳಿ ಕುಡ್ಕಂಡ್ ಓದ್ರು, ನಾನ್ ಇಂದೆ ನಿದ್ದೆ ಒಡ್ಕಂಡ್ ಬಂದೆ ಕಣೇ ಅಂತ. ಅವತ್ತು ರಾತ್ರಿ ಎಷ್ಟ್ ನಗ್ತಿದ್ರು."

ಅವಳಿಗೂ ಹಾಗೇ ಹೇಳಿದ್ದಾನೆ.

ಅಂಕಯ್ಯ ಬಂದು ನನ್ನ ಭುಜದ ಮೇಲೆ ಕೈಯಿಟ್ಟ. "ನೀವ್ ದೊಡ್ಡೋರು ಬುಡಿ" ಎಂದ. ನನ್ನ ಎಲೆಗೆ ನಾಗರತ್ನಳೇ ಪಾಯಸ ಬಡಿಸಿದಳು. ಎರಡು ಸಲ. ಪೂರ್ತಿ ತಿಂದೆ.


ಜುಲೈ 27, ಭಾನುವಾರ. ಸಂಜೆ 6

ಇವತ್ತು ಪ್ಯಾರಿಸ್. ಕೊನೆಯ ಸ್ಟೇಜು. ಗೆಲ್ಲುವವನು ಯಾರೆಂದು ಹೊರಡುವ ಮೊದಲೇ ನಿರ್ಧಾರವಾಗಿರುತ್ತದೆ. ದಾರಿಯಲ್ಲಿ ಷಾಂಪೇನ್ ಕುಡಿಯುತ್ತ, ಫೋಟೋ ತೆಗೆಸಿಕೊಳ್ಳುತ್ತ ಬರುತ್ತಾರೆ. "ಮದ್ವೆ ದಿಬ್ಬಣ" ಅನ್ನುತ್ತಿದ್ದ ರಾಜು.

ಲ್ಯಾಪ್‌ಟಾಪ್ ಮುಂದೆ ಕೂತೆ. ಎಂಟು ಜನ ಇನ್ನೂ ಏರಿನಲ್ಲೇ ಇದ್ದಾರೆ. ಒತ್ತಲಿಲ್ಲ.

ಬೆಳಿಗ್ಗೆ ಚಿತ್ರಾ ಕೇಳಿದಳು, "ನಿನ್ನೆ ನೀವು ಹೇಳಿದ್ದು ಒಳ್ಳೇದಾಯ್ತು. ಆ ಹೆಣ್ಣುಮಗಳು ಬದುಕಿಕೊಂಡಳು. ಆದರೂ ಯಾಕ್ರೀ ಹೀಗಿದ್ದೀರಿ?" ಹಲ್ಲುನೋವು ಎಂದೆ.

ಯಾರೂ ಓದದ ಡೈರಿ ಇದು. ಇದರಲ್ಲೂ ಹದಿಮೂರನೇ ತಾರೀಖು ಸುಳ್ಳು ಬರೆದುಕೊಂಡಿದ್ದೇನೆ. ಯಾರನ್ನು ನಂಬಿಸಲಿಕ್ಕೆ?

ಬೆಳಕವಾಡಿ ಬಿಟ್ಟು ಎರಡನೇ ತಿರುವಿಗೇ ನನ್ನ ಕಾಲು ಮುಗಿದಿತ್ತು. ಗಾಳಿ ಎಡಗಡೆಯಿಂದ, ಎದುರಿನಿಂದ, ಕಬ್ಬಿನ ಗದ್ದೆ ಮುಗಿದ ಕಡೆಯೆಲ್ಲ ಒಟ್ಟಿಗೆ. ಸೈಕಲ್ ನಿಂತೇಹೋಗುತ್ತದೆ ಅನ್ನಿಸಿತು. ನಿಂತಿದ್ದರೆ ಸಾಕಿತ್ತು. ಇಳಿದು ತಳ್ಳಿಕೊಂಡು ಹೋಗಬಹುದಿತ್ತು. ಸಿದ್ದೇಶನಿಗೆ ಫೋನ್ ಮಾಡಿದ್ದರೆ ಟೆಂಪೋ ತರುತ್ತಿದ್ದ.

ಮೊಳಕೈ ಅಲುಗಿಸಿದೆ.

ನೊಣ ಓಡಿಸಿದೆ ಎಂದು ಬರೆಯಬಹುದು. ನೊಣ ಇರಲಿಲ್ಲ. ಆ ಗಾಳಿಯಲ್ಲಿ ಯಾವ ನೊಣ ಇರುತ್ತದೆ.

"ಬುಡಿ ಮೇಷ್ಟ್ರೇ, ನಾನ್ ಓಯ್ತೀನಿ. ನಾಗೂಗ್ ಏಳ್ಬೇಡಿ" ಎಂದ. ಮುಂದೆ ಬಂದ. ಆ ಬೆನ್ನಿನ ಹಿಂದೆ ಸೇರಿದ್ದೇ ತಡ, ಗಾಳಿ ನಿಂತುಹೋಯಿತು. ಬಾಗಿಲು ಹಾಕಿದ ಹಾಗೆ. ಕಾಲಿಗೆ ಜೀವ ಬಂತು. ಹಾಡು ಗುನುಗಿದೆ. ಜೇಬಿನಿಂದ ಕಡಲೆ ಮಿಠಾಯಿ ತೆಗೆದು ತಿಂದೆ. ಆಮೇಲೆ ಫೋನ್ ನೋಡಿದೆ. ನನ್ನ ಹಳೆಯ ರೆಕಾರ್ಡಿಗೆ ಸ್ವಲ್ಪದರಲ್ಲೇ ಇದ್ದೆವು.

"ಇನ್ನೊಂಚೂರು, ರಾಜು" ಎಂದೆ.

ಎರಡು ಸಲ ಎಂದೆ. ಅವನು ಎದ್ದು ತುಳಿದ.

ಮಳವಳ್ಳಿ ಬೋರ್ಡು ಕಂಡಿತು. ಅವನ ಪಕ್ಕದಿಂದ ನುಗ್ಗಿ ದಾಟಿದೆ. ಎರಡೂ ಕೈ ಎತ್ತಿದೆ, ಟಿವಿಯಲ್ಲಿ ಎತ್ತುತ್ತಾರಲ್ಲ, ಹಾಗೆ. ರಸ್ತೆ ಬದಿ ನಿಂತಿದ್ದ ಇಬ್ಬರು ಹೆಂಗಸರು ನೋಡಿದರು. ತಿರುಗಿದರೆ ಅವನು ಹ್ಯಾಂಡಲ್ ಮೇಲೆ ಹಣೆಯಿಟ್ಟು ನಿಂತಿದ್ದ. ಭುಜ ಅಲುಗುತ್ತಿತ್ತು. ನನ್ನ ಕೋತಿಯಾಟಕ್ಕೆ ನಗುತ್ತಿದ್ದಾನೆ ಎಂದುಕೊಂಡು ನಾನೂ ನಕ್ಕೆ. ಹತ್ತಿರ ಹೋಗಿ ಅವನ ಕೈಗೆ ಫೋನ್ ತುರುಕಿದೆ. ಬೋರ್ಡಿನ ಕೆಳಗೆ ನಿಂತೆ. ಒಂದು ನಿಮಿಷ ತಾಳಿ ಎಂದು ಕೈ ಮಾಡಿದ. ಬೇಗ ಬೇಗ ಎಂದೆ. ತೆಗೆದ.

ಫೋಟೋ ಪೂರ್ತಿ ಅಲ್ಲಾಡಿಹೋಗಿದೆ. ಕ್ಯಾಮೆರಾ ನೆಟ್ಟಗೆ ಹಿಡಿಯೋಕೆ ಬರಲ್ವೇನಯ್ಯ ನಿಂಗೆ, ಅಂತ ಬೈದೆ. ಅದಕ್ಕೆ ಅವನು ಅಂದದ್ದನ್ನು ಬರೆಯಲಾರೆ.